ಎಜುಕೇಷನ್ ಲೋನ್ ಕಟ್ಟದಿದ್ರೆ ವಕೀಲರ ಸನದು ಹೋಗುತ್ತಾ? ಪೂರ್ತಿ ಮಾಹಿತಿ ಇಲ್ಲಿದೆ

ಮಗಳು ಎಲ್‌ಎಲ್‌ಬಿ ಮುಗಿಸಿ, ಕರಿಕೋಟು ಹಾಕ್ಕೊಂಡು ತಾಲೂಕು ಕೋರ್ಟಿಗೆ ಹೋಗ್ತಿದ್ದಾಳೆ. ಸೀನಿಯರ್ ಕೊಡೋದು ಬಸ್ ಚಾರ್ಜಿಗೂ ಸಾಲಲ್ಲ. ಇತ್ತ ಬ್ಯಾಂಕಿನ ಕಂತು ಮೂರು ತಿಂಗಳಿಂದ ಬಾಕಿ. ಅಷ್ಟರಲ್ಲಿ ಯಾರೋ ಫೋನ್ ಮಾಡಿ "ದುಡ್ಡು ಕಟ್ಟದಿದ್ರೆ ಸನದು ಕ್ಯಾನ್ಸಲ್ ಮಾಡಿಸ್ತೀವಿ" ಅಂದ್ರೆ ಮನೆಯವರ ಗತಿ ಏನು? ನಿಜವಾಗ್ಲೂ ಹಾಗೆ ಮಾಡೋಕೆ ಆಗುತ್ತಾ? ಕಾನೂನಿನಲ್ಲಿ ಏನಿದೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ನೇರ ಉತ್ತರ: ಸಾಲ ಬಾಕಿ ಇದೆ ಅನ್ನೋ ಒಂದೇ ಕಾರಣಕ್ಕೆ ಸನದು ಹೋಗಲ್ಲ

ವಕೀಲಿಕೆ ನಡೆಯೋದು 1961ರ ವಕೀಲರ ಕಾಯ್ದೆ ಪ್ರಕಾರ. ಸನದು ಕೊಡೋದು ರಾಜ್ಯ ವಕೀಲರ ಪರಿಷತ್ತು, ಬ್ಯಾಂಕ್ ಅಲ್ಲ. ಯಾರಿಗೆ ಸನದು ಕೊಡಬಾರದು ಅನ್ನೋದನ್ನ ಕಾಯ್ದೆಯ 24ಎ ಕಲಂ ಹೇಳುತ್ತೆ. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ ಆದವರು, ಅಸ್ಪೃಶ್ಯತೆ ಆಚರಣೆ ಕಾಯ್ದೆಯಡಿ ಶಿಕ್ಷೆ ಆದವರು, ನೈತಿಕ ಅಧಃಪತನದ ಆರೋಪದಲ್ಲಿ ಸರ್ಕಾರಿ ಕೆಲಸದಿಂದ ವಜಾ ಆದವರು ಈ ಪಟ್ಟಿಯಲ್ಲಿದ್ದಾರೆ. ಸಾಲ ಕಟ್ಟದವರು ಅನ್ನೋ ಮಾತೇ ಅಲ್ಲಿಲ್ಲ.

ಎನ್‌ರೋಲ್‌ಮೆಂಟ್ ಶುಲ್ಕದ ವಿಷಯದಲ್ಲೂ ಈಗ ಸ್ವಲ್ಪ ಹಗುರ ಆಗಿದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಸಾಮಾನ್ಯ ವರ್ಗದವರಿಂದ 750 ರೂ., ಎಸ್‌ಸಿ, ಎಸ್‌ಟಿಯವರಿಂದ 125 ರೂ.ಗಿಂತ ಹೆಚ್ಚು ಎನ್‌ರೋಲ್‌ಮೆಂಟ್ ಶುಲ್ಕ ತಗೊಳ್ಳೋ ಹಾಗಿಲ್ಲ.

ಹಾಗಾದ್ರೆ ಈ ಭಯ ಬಂದಿದ್ದೆಲ್ಲಿಂದ?

ಅಮೆರಿಕದಲ್ಲಿ ಇದು ನಿಜವಾಗಿ ನಡೆದಿದೆ. ಅಲ್ಲಿನ ಹಲವು ರಾಜ್ಯಗಳು ಸ್ಟೂಡೆಂಟ್ ಲೋನ್ ಕಟ್ಟದ ನರ್ಸ್, ಟೀಚರ್, ವಕೀಲ ಮುಂತಾದವರ ಲೈಸೆನ್ಸ್ ತಡೆಹಿಡಿಯೋ ಕಾನೂನು ಮಾಡ್ಕೊಂಡಿದ್ದವು. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಲೆಕ್ಕ ಹಾಕಿದಾಗ ಇಂಥ ಕಾನೂನು 19 ರಾಜ್ಯಗಳಲ್ಲಿ ಇತ್ತು. ಲೈಸೆನ್ಸ್ ಹೋದ ಅಥವಾ ಹೋಗೋ ಹಂತಕ್ಕೆ ಬಂದ ಪ್ರಕರಣ ಕಡಿಮೆ ಅಂದ್ರೂ 8,700 ಸಿಕ್ಕಿದ್ದವು.

ವಕೀಲರಿಗೆ ಅಲ್ಲಿ ಇನ್ನೊಂದು ಜರಡಿ ಇದೆ. ಪರೀಕ್ಷೆ ಪಾಸಾದ್ರೂ ನಡತೆ ವಿಚಾರಣೆ ದಾಟಬೇಕು. ಹಣಕಾಸಿನ ಜವಾಬ್ದಾರಿಯನ್ನೂ ಅದರಲ್ಲಿ ನೋಡ್ತಾರೆ. 2011ರಲ್ಲಿ ಓಹಾಯೋ ರಾಜ್ಯದ ಸುಪ್ರೀಂ ಕೋರ್ಟ್, ಸಾಲ ತೀರಿಸೋಕೆ ಸರಿಯಾದ ಯೋಜನೆ ಇಲ್ಲ ಅಂತ ಒಬ್ಬ ಅರ್ಜಿದಾರನನ್ನ ತಡೆದಿತ್ತು. ಅವನ ಓದಿನ ಸಾಲ ಸುಮಾರು 1.7 ಲಕ್ಷ ಡಾಲರ್.

ಆಮೇಲೆ ಅಲ್ಲಿನವರಿಗೇ ಇದರ ಎಡವಟ್ಟು ಅರ್ಥ ಆಯ್ತು. ಲೈಸೆನ್ಸ್ ಕಿತ್ಕೊಂಡ್ರೆ ದುಡಿಮೆ ನಿಲ್ಲುತ್ತೆ, ದುಡಿಮೆ ನಿಂತ್ರೆ ಸಾಲ ತೀರಿಸೋದು ಹೇಗೆ? ಹಾಗಾಗಿ ಒಂದೊಂದೇ ರಾಜ್ಯ ಈ ಕಾನೂನು ವಾಪಸ್ ತಗೊಂಡಿತು. ಟೆಕ್ಸಾಸ್ 2019ರಲ್ಲಿ ರದ್ದು ಮಾಡಿತು.

ನಮ್ಮಲ್ಲಿ ಸನದಿಗೆ ಅಪಾಯ ಬರೋದು ಯಾವಾಗ?

ಸಾಲದಿಂದ ಸನದು ಹೋಗಲ್ಲ ನಿಜ. ಆದ್ರೆ ಸಾಲದ ಒತ್ತಡದಲ್ಲಿ ಮಾಡೋ ತಪ್ಪಿನಿಂದ ಹೋಗಬಹುದು. ಕಾಯ್ದೆಯ 35ನೇ ಕಲಂ ಪ್ರಕಾರ ದುರ್ನಡತೆಯ ದೂರು ಬಂದ್ರೆ ಪರಿಷತ್ತು ಅದನ್ನ ಶಿಸ್ತು ಸಮಿತಿಗೆ ಕಳಿಸಬಹುದು. ತಪ್ಪು ಸಾಬೀತಾದ್ರೆ ಛೀಮಾರಿ, ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರನ್ನೇ ತೆಗೆಯೋದು, ಇಷ್ಟೂ ಸಾಧ್ಯ. ಮೂರು ವಿಷಯದಲ್ಲಿ ಹುಷಾರಾಗಿರಬೇಕು.

1. ಕಕ್ಷಿದಾರರ ಹಣ. ಪಾರ್ಟಿಗೆ ಸೇರಬೇಕಾದ ದುಡ್ಡನ್ನ "ಈ ತಿಂಗಳು ಕಂತಿಗೆ ಹಾಕಿ ಆಮೇಲೆ ಕೊಡ್ತೀನಿ" ಅಂತ ಬಳಸಿದ್ರೆ ಅದು ಸಾಲದ ವಿಷಯ ಅಲ್ಲ, ದುರ್ನಡತೆ.

2. ಸುಳ್ಳು ದಾಖಲೆ. ನಕಲಿ ಆದಾಯ ಪತ್ರ, ನಕಲಿ ಶುಲ್ಕ ರಸೀದಿ ಕೊಟ್ಟು ಸಾಲ ತಗೊಂಡಿದ್ರೆ ಕ್ರಿಮಿನಲ್ ಕೇಸ್ ಆಗುತ್ತೆ. ಶಿಕ್ಷೆ ಆದ್ರೆ ಮೇಲೆ ಹೇಳಿದ 24ಎ ಕಲಂ ಕುತ್ತಿಗೆಗೆ ಬರುತ್ತೆ.

3. ಚೆಕ್ ಬೌನ್ಸ್. ಬ್ಯಾಂಕಿಗೆ ಕೊಟ್ಟ ಚೆಕ್ ಬೌನ್ಸ್ ಆದ್ರೆ 138 ಕೇಸ್. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟು ದಂಡ ಅಥವಾ ಎರಡೂ ಆಗಬಹುದು. ಖಾತೆಯಿಂದ ತಾನಾಗೇ ಕಟ್ ಆಗೋ ಕಂತು ಹಣ ಇಲ್ಲದೆ ಬೌನ್ಸ್ ಆದ್ರೂ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಂನಲ್ಲಿ ಇಷ್ಟೇ ಶಿಕ್ಷೆ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನೋಟಿಸ್ ಕೈಗೆ ಬಂದ 15 ದಿನದೊಳಗೆ ಹಣ ಕಟ್ಟಿದ್ರೆ ಕೇಸ್ ಆಗಲ್ಲ. ನೋಟಿಸ್ ವಾಪಸ್ ಕಳಿಸಿ ಕೂರಬೇಡಿ.

ಅಪ್ಪನ ಅಂಗಡಿಗೂ ಬಿಸಿ ತಟ್ಟುತ್ತೆ

ವ್ಯಾಪಾರಸ್ಥರು ಇದನ್ನ ಗಮನ ಇಟ್ಟು ಓದಿ. ಎಜುಕೇಷನ್ ಲೋನ್‌ನಲ್ಲಿ ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಿರ್ತಾರೆ. ಕಂತು 90 ದಿನ ಮೀರಿ ಬಾಕಿ ಉಳಿದ್ರೆ ಖಾತೆ ಎನ್‌ಪಿಎ ಆಗುತ್ತೆ. ಮಗನ ಜೊತೆ ಅಪ್ಪನ ಸಿಬಿಲ್ ಕೂಡ ಬೀಳುತ್ತೆ. ನಾಳೆ ಅಂಗಡಿಗೆ ಓಡಿ, ಗೂಡ್ಸ್ ಗಾಡಿಗೆ ಲೋನ್ ಅಂತ ಹೋದ್ರೆ ಮ್ಯಾನೇಜರ್ ತಲೆ ಅಲ್ಲಾಡಿಸ್ತಾರೆ. ಜಾಮೀನು ಹಾಕಿದ ನೆಂಟರಿಗೂ ಬಿಡುಗಡೆ ಇಲ್ಲ. ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ.

ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. 7.5 ಲಕ್ಷ ಮೀರಿದ್ರೆ ಅಡಮಾನ ಕೇಳ್ತಾರೆ. ಅಡ ಇಟ್ಟ ಮನೆ, ಸೈಟನ್ನ ಸರ್ಫೇಸಿ ಕಾಯ್ದೆಯಲ್ಲಿ ಜಪ್ತಿ ಮಾಡಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯ ಆಗಲ್ಲ. ಆದ್ರೆ ಬ್ಯಾಂಕ್ ಸಿವಿಲ್ ದಾವೆ ಹಾಕೋಕೆ ಅಡ್ಡಿ ಇಲ್ಲ.

ವಕೀಲರಿಗೂ ಇನ್ನೊಂದು ನಷ್ಟ ಇದೆ. ಬ್ಯಾಂಕ್ ನೌಕರಿಗೆ ಸಿಬಿಲ್ ನೋಡೋ ಪದ್ಧತಿ ಬಂದಿದೆ. ಬ್ಯಾಂಕಿನ ಲಾ ಆಫೀಸರ್ ಆಗಬೇಕು ಅಂತಿದ್ದವರಿಗೆ ಹಳೇ ಬಾಕಿ ಅಡ್ಡ ಬರಬಹುದು. ಸನದು ಉಳಿದ್ರೂ ಆ ಬಾಗಿಲು ಮುಚ್ಚುತ್ತೆ.

ಕಟ್ಟೋಕೆ ಆಗ್ತಿಲ್ಲ ಅಂದ್ರೆ ಏನು ಮಾಡಬೇಕು?

ಮಾದರಿ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ. ಸಾಮಾನ್ಯವಾಗಿ ಕಷ್ಟ ಶುರುವಾಗೋದು ಅದಾದ ಮೇಲೆ. 4 ಲಕ್ಷಕ್ಕೆ ಶೇ.10 ಬಡ್ಡಿ, 10 ವರ್ಷ ಅಂದ್ರೆ ಕಂತು ಸುಮಾರು 5,300 ರೂ. ಅದನ್ನೇ 15 ವರ್ಷಕ್ಕೆ ಎಳೆದ್ರೆ ಸುಮಾರು 4,300 ರೂ. ಒಟ್ಟು ಬಡ್ಡಿ ಜಾಸ್ತಿ ಆಗುತ್ತೆ, ಆದ್ರೆ ಜೂನಿಯರ್ ವಕೀಲರಿಗೆ ಉಸಿರಾಡೋಕೆ ಜಾಗ ಸಿಗುತ್ತೆ. ಜೂನಿಯರ್‌ಗಳಿಗೆ ಗ್ರಾಮಾಂತರದಲ್ಲಿ 15,000, ನಗರದಲ್ಲಿ 20,000 ರೂ. ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿದೆ. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ.

- ಎನ್‌ಪಿಎ ಆಗೋ ಮೊದಲೇ ಶಾಖೆಗೆ ಹೋಗಿ ಅವಧಿ ವಿಸ್ತರಣೆಗೆ ಅರ್ಜಿ ಕೊಡಿ. ಬಾಯಿ ಮಾತು ಬೇಡ, ಸೀಲ್ ಹಾಕಿದ ಸ್ವೀಕೃತಿ ಇಟ್ಕೊಳ್ಳಿ.
- ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ರೆ ಓದುವ ಅವಧಿಯ ಬಡ್ಡಿಗೆ ಕೇಂದ್ರದ ಸಬ್ಸಿಡಿ ಯೋಜನೆ ಇದೆ. ನಿಮ್ಮ ಕೋರ್ಸ್, ಕಾಲೇಜಿಗೆ ಅನ್ವಯ ಆಗುತ್ತಾ, ಜಮಾ ಆಗಿದೆಯಾ ಅಂತ ಶಾಖೆಯಲ್ಲಿ ಕೇಳಿ.
- ಎನ್‌ಪಿಎ ಆಗಿದ್ರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡ್ಕೊಬಹುದು. ಕೋರ್ಟ್ ಆವರಣದಲ್ಲಿರೋ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಸೆಟ್ಲ್‌ಮೆಂಟ್ ಆದ್ರೂ ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಉಳಿಯುತ್ತೆ, ಪೂರ್ತಿ ಕಟ್ಟಿದ ಹಾಗೆ ಆಗಲ್ಲ.
- ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ. ಬೆದರಿಕೆ ಹಾಕಿದ್ರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448.

ಒಟ್ಟಿನಲ್ಲಿ, "ಸನದು ಕ್ಯಾನ್ಸಲ್ ಮಾಡಿಸ್ತೀವಿ" ಅನ್ನೋ ಫೋನಿಗೆ ಹೆದರಬೇಡಿ. ಆದ್ರೆ ಬ್ಯಾಂಕಿನಿಂದ ಬಂದ ನೋಟಿಸನ್ನ ಹಗುರವಾಗಿ ತಗೊಳ್ಳಲೂಬೇಡಿ.