ಹದಿಮೂರು ದಿನಗಳ ಲೆಕ್ಕವೂ ಸತ್ಯಾಣುವ್ರತವೂ

1962ರ ಅಕ್ಟೋಬರ್ ಎಂದೊಡನೆ ನಮ್ಮವರಿಗೆ ಚೀನಾದೊಡನೆ ನಡೆದ ಯುದ್ಧ ನೆನಪಾಗುವುದು ಸಹಜ. ಅದೇ ತಿಂಗಳಲ್ಲಿ ಭೂಮಂಡಲದ ಮತ್ತೊಂದು ಭಾಗದಲ್ಲಿ ಸಮಸ್ತ ಜೀವರಾಶಿಯನ್ನೇ ಗಂಡಾಂತರಕ್ಕೆ ಒಡ್ಡಿದ ಘಟನೆಯೊಂದು ನಡೆಯಿತು. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಬೆಳೆದ ಶೀತಲ ಸಮರವು ಅಣುಯುದ್ಧದ ಹೊಸ್ತಿಲಿಗೆ ಬಂದು ನಿಂತದ್ದು ಆಗಲೇ.

ಅಮೆರಿಕದ ತೀರದಿಂದ ಸುಮಾರು 90 ಮೈಲಿ ದೂರದ ಕ್ಯೂಬಾ ದ್ವೀಪದಲ್ಲಿ ಸೋವಿಯತ್ ಕ್ಷಿಪಣಿ ನೆಲೆಗಳು ಸಿದ್ಧವಾಗುತ್ತಿದ್ದುದನ್ನು ಅಮೆರಿಕದ ಬೇಹುವಿಮಾನವು ಅಕ್ಟೋಬರ್ 14ರಂದು ಚಿತ್ರೀಕರಿಸಿತು. 16ರಂದು ಅಧ್ಯಕ್ಷ ಜಾನ್ ಕೆನಡಿಯವರಿಗೆ ವಿಷಯ ತಿಳಿಯಿತು. ಕ್ಯೂಬಾದ ಮೇಲೆ ದಾಳಿ ನಡೆಸಬೇಕೆಂದು ಸೇನಾ ಮುಖ್ಯಸ್ಥರು ಒತ್ತಾಯಿಸಿದರೂ ಅವರು ನೌಕಾ ದಿಗ್ಬಂಧನವನ್ನು ಆರಿಸಿಕೊಂಡರು. ಆ ಸಂಯಮದ ಬೆಲೆ ಬಹಳ ವರ್ಷಗಳ ಮೇಲೆ ಪೂರ್ಣವಾಗಿ ತಿಳಿಯಿತು. ದ್ವೀಪವನ್ನು ಅಣು ಸಿಡಿತಲೆಗಳು ಆಗಲೇ ತಲುಪಿದ್ದವೆಂಬುದು ದಾಳಿಯ ಸಲಹೆಯಿತ್ತವರಿಗೆ ಗೊತ್ತಿರಲಿಲ್ಲ.

ಎದುರು ಪಕ್ಷಕ್ಕೂ ತನ್ನದೇ ಆದ ಭಯವಿತ್ತು. 1961ರಲ್ಲಿ ಅಮೆರಿಕದ ಬೆಂಬಲದಿಂದ ಕ್ಯೂಬಾದ ಮೇಲೆ ಆಕ್ರಮಣ ನಡೆದು ವಿಫಲವಾಗಿತ್ತು. ಸೋವಿಯತ್ ಗಡಿಗೆ ಹೊಂದಿಕೊಂಡ ತುರ್ಕಿಯಲ್ಲಿ ಅಮೆರಿಕದ 15 ಜ್ಯೂಪಿಟರ್ ಕ್ಷಿಪಣಿಗಳಿದ್ದವು. ತಾನು ನೆರೆಮನೆಯವನಿಗೆ ಒಡ್ಡಿದ ಭಯವನ್ನೇ ನೆರೆಯವನು ತನಗೆ ಒಡ್ಡಿದಾಗ ಅದು ಅಧರ್ಮವಾಗಿ ಕಾಣುವುದು ಏಕಾಂತದೃಷ್ಟಿಯ ಲಕ್ಷಣ.

ಅಕ್ಟೋಬರ್ 27ರ ಸಂಜೆ ಅಧ್ಯಕ್ಷರ ಸಹೋದರ ರಾಬರ್ಟ್ ಕೆನಡಿಯವರು ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ಭೇಟಿಯಾದರು. ಕ್ಯೂಬಾದ ಕ್ಷಿಪಣಿಗಳು ತೆರವಾದರೆ ಆ ದೇಶದ ಮೇಲೆ ಆಕ್ರಮಣ ಮಾಡುವುದಿಲ್ಲವೆಂಬ ವಚನ ಬಹಿರಂಗದ್ದು. ಕೆಲವು ತಿಂಗಳಲ್ಲಿ ತುರ್ಕಿಯ ಕ್ಷಿಪಣಿಗಳನ್ನೂ ತೆಗೆಯುವೆವೆಂಬ ವಚನ ಗುಪ್ತವಾದದ್ದು. ಮರುದಿನವೇ ಕ್ರುಶ್ಚೇವ್ ಅವರು ಕ್ಷಿಪಣಿಗಳನ್ನು ಹಿಂತೆಗೆಯುವುದಾಗಿ ಸಾರಿದರು. 1963ರ ಏಪ್ರಿಲ್ ವೇಳೆಗೆ ತುರ್ಕಿಯವೂ ತೆರವಾದವು. ಕೊಟ್ಟ ಮಾತು ಎರಡು ಕಡೆಯೂ ಉಳಿಯಿತು.

ಆದರೆ ಲೋಕಕ್ಕೆ ತೋರಿಸಿದ ಲೆಕ್ಕ ಬೇರೆ. ಯಾವ ಕೊಡುಕೊಳೆಯೂ ನಡೆದಿಲ್ಲವೆಂದು ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ಅವರು 1963ರಲ್ಲಿ ಸಂಸತ್ತಿನ ಸಮಿತಿಯೆದುರು ಹೇಳಿದರು. ರಾಬರ್ಟ್ ಕೆನಡಿಯವರ ನೆನಪುಗಳ ಪುಸ್ತಕವನ್ನು ಸಿದ್ಧಪಡಿಸಿದ ಸೊರೆನ್ಸನ್ ಅವರು, ಈ ಒಪ್ಪಂದದ ಸ್ಪಷ್ಟ ಉಲ್ಲೇಖವನ್ನು ತಾವೇ ಕೈಬಿಟ್ಟುದಾಗಿ 1989ರಲ್ಲಿ ಮಾಸ್ಕೋ ಸಭೆಯಲ್ಲಿ ಒಪ್ಪಿಕೊಂಡರು. ಕಾಲು ಶತಮಾನಕ್ಕೂ ಮಿಗಿಲಾಗಿ ಜನರು ಜಮೆಯ ಪುಟವನ್ನು ಮಾತ್ರ ಓದಿದ್ದರು. ಬೆದರಿಕೆಗೆ ವೈರಿ ಬಾಗಿದನೆಂಬ ತಪ್ಪು ಪಾಠವನ್ನು ಅನೇಕರು ಅದರಿಂದಲೇ ಕಲಿತರು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಪರರ ಅಂತರಂಗದ ಆಲೋಚನೆಯನ್ನು ಬಯಲುಮಾಡುವ ಸಾಕಾರಮಂತ್ರಭೇದವು ಅವುಗಳಲ್ಲಿ ಒಂದು. ಸುಳ್ಳು ಬರಹವನ್ನು ರಚಿಸುವ ಕೂಟಲೇಖಕ್ರಿಯೆ ಇನ್ನೊಂದು. ಶಾಂತಿಗಾಗಿ ಗುಟ್ಟನ್ನು ಕಾಯುವುದು ದೋಷವೆನಿಸದಿರಬಹುದು. ಕೇಳಿದವರಿಗೆ ಸುಳ್ಳು ಲೆಕ್ಕವನ್ನೊಪ್ಪಿಸುವುದು ಮಾತ್ರ ದೋಷವೇ. ಅದರ ಬೇರು ಮಾನಕಷಾಯ: ಕೊಟ್ಟೆನೆಂದು ಹೇಳಿಕೊಳ್ಳಲು ನಾಚಿಕೆ.

ಈ ದೋಷ ದೊಡ್ಡ ರಾಷ್ಟ್ರಗಳಿಗೆ ಮೀಸಲಲ್ಲ. ಪಾಲುಗಾರರ ವ್ಯಾಜ್ಯವಿರಲಿ, ಬಸದಿಯ ಆಡಳಿತದ ಮನಸ್ತಾಪವಿರಲಿ, ರಾಜಿಯಾದ ಮೇಲೆ ಗೆದ್ದೆವೆಂದು ಹೇಳಿಕೊಳ್ಳುವವರೇ ಹೆಚ್ಚು. ಖರ್ಚು ಬರೆಯದ ಖಾತೆ ಎಂದೂ ತಾಳೆಯಾಗದೆಂಬುದನ್ನು ವ್ಯಾಪಾರಿಗಳಾದ ನಾವು ಬಲ್ಲೆವು. ನಾವು ಬಿಟ್ಟುಕೊಟ್ಟುದನ್ನೂ ನಡವಳಿ ಪುಸ್ತಕದಲ್ಲಿ ಬರೆದಿಡೋಣ. ಮುಂದಿನ ಪೀಳಿಗೆಯವರು ಜಗಳ ಬಗೆಹರಿದ ನಿಜವಾದ ಬಗೆಯನ್ನು ಅದರಿಂದಲೇ ಕಲಿಯಬೇಕಾಗಿದೆ.