ಡಿಕ್ರಿಯ ಅಮಲ್ಜಾರಿ: ಒಂದು ಐತಿಹಾಸಿಕ ಪರಿಶೀಲನೆ

ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿದೆ. ನಾವಿಲ್ಲಿ ಎತ್ತಿಕೊಂಡಿರುವ ವಿಷಯವಾದರೋ ಕಾವ್ಯಕ್ಕೆ ದೂರವಾದುದು. ಇಂತಹ ಊರಿನ ರೈತನೊಬ್ಬನ ಮೇಲೆ ಸಾಲದ ಬಾಬಿನಲ್ಲಿ ಡಿಕ್ರಿಯಾಯಿತೆಂದು ಭಾವಿಸೋಣ. ಆತನು ವಿಚಾರಣೆಗೂ ಬರಲಿಲ್ಲ, ತೀರ್ಪಿಗೂ ಓಗೊಡಲಿಲ್ಲ. ಡಿಕ್ರಿದಾರನ ಕೈಯಲ್ಲಿ ಕಾಗದವುಂಟು, ಹಣವಿಲ್ಲ. ದಾವೆಗಾರನ ಕಷ್ಟಗಳು ಡಿಕ್ರಿ ದೊರೆತ ಮೇಲೆಯೇ ತೊಡಗುತ್ತವೆಂದು ಪ್ರಿವಿ ಕೌನ್ಸಿಲು 1872ರಷ್ಟು ಹಿಂದೆಯೇ ಕಂಡುಕೊಂಡಿತ್ತು.

ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರದಲ್ಲಿ ಈ ತೊಡಕು ಬೇರೆ ರೂಪದಲ್ಲಿದ್ದಿತು. ಒಪ್ಪಿಕೊಂಡ ಸಾಲವನ್ನು ಧನಿಕನು ತಾನೇ ವಸೂಲು ಮಾಡಿಕೊಂಡರೆ ರಾಜನು ಆಕ್ಷೇಪಿಸತಕ್ಕದ್ದಲ್ಲವೆಂಬುದು ಯಾಜ್ಞವಲ್ಕ್ಯನ ಮತ. ರಾಜನ ಮೂಲಕ ವಸೂಲಾದರೆ ಸಾಲಗಾರನು ನೂರಕ್ಕೆ 10ನ್ನೂ, ಹಣ ಪಡೆದ ಧನಿಕನು ನೂರಕ್ಕೆ 5ನ್ನೂ ರಾಜನಿಗೆ ತೆರಬೇಕು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಮೊದಲನೆಯದನ್ನು ದಂಡವೆಂದೂ ಎರಡನೆಯದನ್ನು ಕೂಲಿಯೆಂದೂ ವಿವರಿಸುತ್ತಾನೆ. ಇಂದಿನ ಅಮೀನನ ಬತ್ತೆಯ ಪೂರ್ವಜನನ್ನು ನಾವು ಇಲ್ಲಿಯೇ ಕಾಣಬಹುದೇನೋ! ಆದರೆ ಅದೇ ಸ್ಮೃತಿ ಬಡವನಾದ ಕೀಳುಜಾತಿಯ ಸಾಲಗಾರನಿಂದ ದುಡಿಸಿಕೊಳ್ಳಬೇಕೆಂದೂ, ಬಡ ಬ್ರಾಹ್ಮಣನಿಂದ ವರಮಾನಕ್ಕೆ ತಕ್ಕಂತೆ ಮೆಲ್ಲಮೆಲ್ಲನೆ ಕೊಡಿಸಬೇಕೆಂದೂ ವಿಧಿಸುತ್ತದೆ. ಜೀತದ ಒಂದು ಬೇರು ಈ ವಾಕ್ಯದಲ್ಲಿದೆಯೆಂಬುದನ್ನು ಮರೆಮಾಚುವುದು ಸರಿಯಲ್ಲ.

ಸಾಲಗಾರನ ಬಾಗಿಲಲ್ಲಿ ಧರಣಿ ಕೂರುವುದೂ ಒಂದು ಉಪಾಯವಾಗಿದ್ದಿತು. ದೈವಕೋಪದ ಭಯವೊಡ್ಡಿ ಹೀಗೆ ಕುಳಿತುಕೊಳ್ಳುವುದನ್ನು 1860ರ ದಂಡಸಂಹಿತೆಯ 508ನೆಯ ಕಲಮು ಅಪರಾಧವೆಂದು ಸಾರಿತು. ಬಲಪ್ರಯೋಗವು ಧನಿಕನ ಕೈತಪ್ಪಿ ಕೋರ್ಟಿನ ಪಾಲಾಯಿತು. ಅದರೊಂದಿಗೆ ಕೋರ್ಟಿನ ನಿಧಾನವೂ ಬಂದಿತು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ ಪ್ರಕಾರ ಜಮೀನಿನ ಜಪ್ತಿಯನ್ನು ಆ ಸ್ಥಳದಲ್ಲಿ ಡಂಗುರ ಹೊಡೆಸಿ ಸಾರಬೇಕು. ಗ್ರಾಮದ ಜಮೀನಾದರೆ ಆಜ್ಞೆಯ ಪ್ರತಿಯನ್ನು ಪಂಚಾಯಿತಿ ಕಚೇರಿಯಲ್ಲಿಯೂ ಅಂಟಿಸಬೇಕು. ಮೌನವಾಗಿದ್ದವನ ಹೆಸರು ಊರೆಲ್ಲ ಕೇಳುವುದು ಆಗಲೇ. ಆದರೂ 60ನೆಯ ಕಲಮು ಜಪ್ತಿಗೆ ಮಿತಿಯನ್ನು ಹಾಕಿದೆ. ರೈತನ ಜೀವನೋಪಾಯಕ್ಕೆ ಬೇಕೆಂದು ಕೋರ್ಟು ಕಂಡ ಉಪಕರಣ, ದನಕರು, ಬಿತ್ತನೆ ಕಾಳು, ಅವನು ವಾಸಿಸುವ ಮನೆ, ಅಡಿಗೆಯ ಪಾತ್ರೆ, ಹೆಂಡತಿಯ ತಾಳಿ ಇವನ್ನು ಮುಟ್ಟಕೂಡದು. ಡಿಕ್ರಿದಾರರು ಇದನ್ನು ಹಳಿಯುವುದುಂಟು. ಎತ್ತನ್ನು ಹರಾಜು ಹಾಕಿದ ಮೇಲೆ ಉಳಿದ ಸಾಲ ಯಾವ ಬೆಳೆಯಿಂದ ತೀರಬೇಕೆಂಬುದು ನಮ್ಮ ಪ್ರಶ್ನೆ.

ಸೆರೆಯ ವಿಷಯದಲ್ಲಿಯೂ ಹೀಗೆಯೇ. ಹಣವಿದ್ದೂ ಕೊಡದಿರುವುದು ಮುಂತಾದ ಕಾರಣಗಳು ಸಿದ್ಧವಾಗದೆ ಸಾಲಗಾರನನ್ನು ಬಂಧಿಸಕೂಡದೆಂದು 1936ರ ತಿದ್ದುಪಡಿ ಗೊತ್ತುಮಾಡಿತು; 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬರಿಯ ಬಡತನಕ್ಕಾಗಿ ಸೆರೆಯಿಡುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧವೆಂದಿತು. ಬಿಡುಗಡೆಯಾದರೂ ಸಾಲ ಮಾತ್ರ ತೀರುವುದಿಲ್ಲ.

ಹಾಗಾದರೆ ಉಳ್ಳವನನ್ನೂ ಇಲ್ಲದವನನ್ನೂ ಬೇರ್ಪಡಿಸುವುದೆಂತು? ಇಬ್ಬರ ಮೌನವೂ ಒಂದೇ ಬಗೆಯದು. 1976ರ ತಿದ್ದುಪಡಿಯಿಂದ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸೆಂದು ಕೋರ್ಟು ಆಜ್ಞಾಪಿಸಬಹುದು. ಮೀರಿದವನಿಗೆ 3 ತಿಂಗಳವರೆಗೆ ಸೆರೆ. ಇಲ್ಲಿ ಶಿಕ್ಷೆಯಿರುವುದು ಸಾಲಕ್ಕಲ್ಲ, ಉತ್ತರ ಕೊಡದಿರುವುದಕ್ಕೆ. ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳೊಳಗೆ ಮುಗಿಸಬೇಕೆಂದು ನಿರ್ದೇಶಿಸಿತು. ಡಿಕ್ರಿದಾರನಿಗೆ ಕಾನೂನು ಕೊಟ್ಟಿರುವ ಕಾಲಾವಧಿಯಾದರೋ 12 ವರ್ಷ.