ಆಗಲೇ ಯಾಕೆ ಹೇಳಲಿಲ್ಲ?

ಲೈಂಗಿಕ ದೌರ್ಜನ್ಯದ ವಿಷಯ ಎದ್ದಾಗೆಲ್ಲ ನಮ್ಮ ಕಡೆ ಮೊದಲು ಬರೋ ಪ್ರಶ್ನೆ ಒಂದೇ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹೋಟೆಲಿರಲಿ, ಕಳಸದಲ್ಲಿ ಯಾರದೋ ಮದುವೆ ಊಟದ ಪಂಕ್ತಿ ಇರಲಿ, ಚಿಕ್ಕಮಗಳೂರಿನ ಕೋರ್ಟಿನ ಮೆಟ್ಟಿಲಿರಲಿ, ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ: "ನಿಜವಾಗ್ಲೂ ನಡೆದಿದ್ರೆ ಆಗಲೇ ಯಾಕೆ ಹೇಳಲಿಲ್ಲ?" ಕೇಳೋರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಕ್ಷಣವೇ ಕೂಗ್ತೀವಿ, ಇದೂ ಹಾಗೇ ಇರಬೇಕು ಅಂದುಕೊಂಡಿರುತ್ತಾರೆ.

ಆದರೆ ಇದು ಹಾಗಲ್ಲ. ಹಾಗಲ್ಲ ಅನ್ನೋದನ್ನ ವೈದ್ಯರು, ನರ್ಸುಗಳು, ಸಂಶೋಧಕರು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬರೆದಿಟ್ಟಿದ್ದಾರೆ. ಆ ಇತಿಹಾಸ ಓದುತ್ತಾ ಹೋದರೆ ಇನ್ನೊಂದು ವಿಷಯವೂ ಕಾಣುತ್ತೆ. ಹೇಳೋರು ಇರಲಿಲ್ಲ ಅಂತಲ್ಲ, ಕೇಳಿಸಿಕೊಳ್ಳೋಕೆ ಕೂತವರು ಮಧ್ಯದಲ್ಲೇ ಎದ್ದು ಹೋಗ್ತಿದ್ದರು.

ಶುರುವಾಗೋದು ಪ್ಯಾರಿಸ್‌ನಿಂದ. 1857ರಲ್ಲಿ ಆಂಬ್ರ್ವಾಜ್ ಟಾರ್ಡ್ಯೂ ಅನ್ನೋ ವಿಧಿವಿಜ್ಞಾನ ವೈದ್ಯರು ತಾವು ಪರೀಕ್ಷೆ ಮಾಡಿದ್ದ ಲೈಂಗಿಕ ದೌರ್ಜನ್ಯದ ಪ್ರಕರಣಗಳನ್ನು ಸೇರಿಸಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಮಕ್ಕಳ ಪ್ರಕರಣಗಳು ಧಾರಾಳವಾಗಿದ್ದವು, ತಪ್ಪು ಮಾಡಿದವರಲ್ಲಿ ಮನೆಯವರೂ ಇದ್ದರು. ಆದರೆ ಅವರ ನಂತರ ಬಂದ ಫ್ರೆಂಚ್ ವೈದ್ಯರಲ್ಲಿ ಹಲವರು ಚರ್ಚೆಯನ್ನೇ ತಿರುಗಿಸಿಬಿಟ್ಟರು. ಮಕ್ಕಳು ಎಷ್ಟು ಸುಳ್ಳು ಹೇಳ್ತಾರೆ ಅನ್ನೋದೇ ಅವರಿಗೆ ದೊಡ್ಡ ವಿಷಯವಾಯಿತು.

ಅದಾದ ಮೇಲೆ ವಿಯೆನ್ನಾ. 1896ರ ಏಪ್ರಿಲ್ 21ರಂದು ಸಿಗ್ಮಂಡ್ ಫ್ರಾಯ್ಡ್ ಅಲ್ಲಿನ ವೈದ್ಯರ ಸಭೆಯಲ್ಲಿ ಒಂದು ಪ್ರಬಂಧ ಓದಿದರು. ಹಿಸ್ಟೀರಿಯಾ ಅಂತ ಬಂದ 18 ರೋಗಿಗಳನ್ನು ನೋಡಿದ್ದೇನೆ, ಎಲ್ಲರ ಬಾಲ್ಯದಲ್ಲೂ ಲೈಂಗಿಕ ದೌರ್ಜನ್ಯ ಇದೆ ಅನ್ನೋದು ಅದರ ಸಾರ. ಅಧ್ಯಕ್ಷತೆ ವಹಿಸಿದ್ದ ಕ್ರಾಫ್ಟ್-ಎಬಿಂಗ್ ಇದು ವಿಜ್ಞಾನದ ವೇಷ ಹಾಕಿದ ಕಟ್ಟುಕಥೆ ಅನ್ನೋ ಅರ್ಥದಲ್ಲಿ ತಳ್ಳಿಹಾಕಿದರು. ಮುಂದಿನ ವರ್ಷ ಫ್ರಾಯ್ಡ್ ಕೂಡ ಗೆಳೆಯ ಫ್ಲೀಸ್‌ಗೆ ಪತ್ರ ಬರೆದು ಈ ವಾದದಲ್ಲಿ ತನಗೇ ನಂಬಿಕೆ ಇಲ್ಲ ಅಂದರು. ಫ್ರಾಯ್ಡ್ ರೋಗಿಗಳ ಮಾತಿಗಿಂತ ತನ್ನ ಊಹೆಯನ್ನೇ ಹೆಚ್ಚು ಬರೆದಿದ್ದರು ಅನ್ನೋ ಇತಿಹಾಸಕಾರರೂ ಇದ್ದಾರೆ, ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಪರಿಣಾಮ ಏನಾಯಿತು ಅಂದರೆ, ಮುಂದೆ ಹಲವು ದಶಕ ಮನೋವೈದ್ಯರ ಮುಂದೆ ಕೂತು ನೋವು ಹೇಳಿಕೊಂಡ ಹೆಣ್ಣುಮಕ್ಕಳಿಗೆ "ಅದು ನಿನ್ನ ಕಲ್ಪನೆ" ಅನ್ನೋ ಉತ್ತರ ಸಿಕ್ಕಿತು. 1932ರಲ್ಲಿ ಫ್ರಾಯ್ಡ್‌ರ ಶಿಷ್ಯ ಫೆರೆನ್ಸಿ, ಅಲ್ಲ, ಇದು ನಿಜವಾಗಿಯೇ ನಡೆಯುತ್ತೆ, ಆಮೇಲೆ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತೆ ಅಂತ ಹೇಳಿದರು. ಆ ಪ್ರಬಂಧ ಇಂಗ್ಲಿಷಿನಲ್ಲಿ ಬರೋಕೆ 1949 ಆಗಬೇಕಾಯಿತು.

ಪರಿಸ್ಥಿತಿ ಬದಲಾಗಿದ್ದು ಅಮೆರಿಕದ ಬೋಸ್ಟನ್ ನಗರದ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ. ಆನ್ ಬರ್ಗೆಸ್ ನರ್ಸಿಂಗ್ ಕಲಿಸುತ್ತಿದ್ದವರು, ಲಿಂಡಾ ಹೋಮ್‌ಸ್ಟ್ರಾಮ್ ಸಮಾಜಶಾಸ್ತ್ರಜ್ಞೆ. 1972ರಿಂದ ಒಂದು ವರ್ಷ, ಅತ್ಯಾಚಾರಕ್ಕೊಳಗಾದವರು ಬಂದಿದ್ದಾರೆ ಅಂತ ಆಸ್ಪತ್ರೆಯಿಂದ ಫೋನ್ ಬಂದರೆ ಸಾಕು, ಹಗಲಾದರೂ ಸರಿ ರಾತ್ರಿಯಾದರೂ ಸರಿ, ಇಬ್ಬರೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. 92 ವಯಸ್ಕ ಮಹಿಳೆಯರ ಬಗ್ಗೆ 1974ರಲ್ಲಿ ಬರೆದ ಲೇಖನದಲ್ಲಿ ಈ ಸ್ಥಿತಿಗೆ ಮೊದಲ ಬಾರಿ ಒಂದು ಹೆಸರು ಕೊಟ್ಟರು, ಅತ್ಯಾಚಾರ ಆಘಾತ ಲಕ್ಷಣಕೂಟ. ನಿದ್ದೆ ಬರಲ್ಲ, ಊಟ ಸೇರಲ್ಲ, ಮೈಯೆಲ್ಲ ನೋವು, ಅದೇ ಕನಸು, ಮನೆಯಲ್ಲಿ ಒಬ್ಬರೇ ಇರೋಕೆ ಭಯ, ಹೊರಗೆ ಹೋಗೋಕೂ ಭಯ. ಅವರು ಬರೆದ ಇನ್ನೊಂದು ವಿಷಯ ನಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತೆ. ಆಸ್ಪತ್ರೆಗೆ ಬಂದಾಗ ಸುಮಾರು ಅರ್ಧ ಜನ ಅಳುತ್ತಿದ್ದರು, ನಡುಗುತ್ತಿದ್ದರು. ಇನ್ನರ್ಧ ಜನ ಏನೂ ಆಗದವರ ಹಾಗೆ ಶಾಂತವಾಗಿ ಕೂತಿದ್ದರು. ಆಘಾತ ಇಬ್ಬರಿಗೂ ಆಗಿತ್ತು. ಅತ್ತರೆ ಮಾತ್ರ ನಿಜ ಅನ್ನೋ ನಮ್ಮ ಲೆಕ್ಕ ಅಲ್ಲೇ ತಪ್ಪಾಯಿತು.

1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಸೇರಿತು. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರೂ ಮನೆಯೊಳಗೇ ದೌರ್ಜನ್ಯ ಅನುಭವಿಸಿದ ಹೆಂಗಸರೂ ಒಂದೇ ಥರ ನರಳುತ್ತಾರೆ ಅನ್ನೋದನ್ನ ಜೂಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಬಿಡಿಸಿ ತೋರಿಸಿದರು. ಅದಕ್ಕೂ ಮುಂಚೆ, 1983ರಲ್ಲಿ ರೋಲಂಡ್ ಸಮಿಟ್ ಅನ್ನೋ ಮನೋವೈದ್ಯರು ಮಕ್ಕಳ ವಿಷಯದಲ್ಲಿ ಐದು ಹಂತ ಗುರುತಿಸಿದ್ದರು. ಗುಟ್ಟು, ಅಸಹಾಯಕತೆ, ಸಿಕ್ಕಿಬಿದ್ದು ಹೊಂದಿಕೊಳ್ಳೋದು, ತಡವಾಗಿ ಹೇಳೋದು, ಹೇಳಿದ್ದನ್ನು ವಾಪಸ್ ತಗೊಳ್ಳೋದು. ಇದನ್ನಿಟ್ಟುಕೊಂಡು ದೌರ್ಜನ್ಯ ನಡೆದಿದೆಯೋ ಇಲ್ಲವೋ ಅಂತ ಪತ್ತೆ ಮಾಡೋಕಾಗಲ್ಲ, ಅದಕ್ಕಾಗಿ ಮಾಡಿದ್ದೂ ಅಲ್ಲ. ಆದರೆ ತಡವಾಗಿ ಹೇಳಿದ್ದು ಸುಳ್ಳಿಗೆ ಸಾಕ್ಷಿಯಲ್ಲ ಅಂತ ಅರ್ಥ ಮಾಡಿಕೊಳ್ಳೋಕೆ ಸಾಕು.

ಎರಡು ವರ್ಷ ಬಿಟ್ಟು ಫಿಂಕೆಲ್ಹಾರ್ ಮತ್ತು ಬ್ರೌನ್ ಅನ್ನೋ ಇಬ್ಬರು ಮಗುವಿನ ಮನಸ್ಸಿಗೆ ಬೀಳೋ ಪೆಟ್ಟನ್ನು ನಾಲ್ಕಾಗಿ ವಿಂಗಡಿಸಿದರು. ವಯಸ್ಸಿಗೆ ಮೀರಿದ ಲೈಂಗಿಕತೆ ಹೇರುವುದು, ನಂಬಿದವರ ದ್ರೋಹ, ಕಳಂಕ, ಕೈಲಾಗದ ಸ್ಥಿತಿ. ಕೊನೆಯ ಎರಡನ್ನು ನಮ್ಮ ಕಾಫಿ ತೋಟಗಳಿಗೆ ತಂದು ನೋಡಿ. ಲೈನ್ ಮನೆಯಲ್ಲಿರೋ ಕುಟುಂಬಕ್ಕೆ ಕೆಲಸ ಕೊಟ್ಟಿರೋದು ತೋಟ, ಮನೆ ಕೊಟ್ಟಿರೋದೂ ಅದೇ ತೋಟ. ಮುಂಗಡ ಸಾಲ ಇದ್ದರೆ ಅದೂ ಅಲ್ಲಿಂದಲೇ. ತಪ್ಪು ಮಾಡಿದವನು ಮೇಲಿನವನಾಗಿದ್ದರೆ ಬಾಯಿ ಬಿಟ್ಟ ದಿನ ಕೂಲಿ, ಸೂರು ಎರಡೂ ಹೋಗಬಹುದು. ಸ್ವಂತ ತೋಟ ಇರೋ ಮನೆಗಳಲ್ಲಿ ಬಾಯಿ ಕಟ್ಟೋದು ಮರ್ಯಾದೆ. ಚಿಕ್ಕಪ್ಪನ ಹೆಸರು ಹೇಳಿದರೆ ಮನೆ ಒಡೆಯುತ್ತೆ, ಅಕ್ಕನ ಮದುವೆ ನಿಲ್ಲುತ್ತೆ. ಎಂಟು ವರ್ಷದ ಮಗುವಿಗೂ ಈ ಲೆಕ್ಕ ಗೊತ್ತಿರುತ್ತೆ.

ನಮ್ಮ ದೇಶದಲ್ಲಿ ಈ ಮಾತು ಜೋರಾಗಿ ಕೇಳಿದ್ದು ಮಥುರಾ ಪ್ರಕರಣದಿಂದ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ನಡೆದ ಘಟನೆ ಅದು. ಮೈಮೇಲೆ ಗಾಯ ಇಲ್ಲ, ಕೂಗಿಕೊಂಡಿಲ್ಲ ಅನ್ನೋ ರೀತಿಯ ಕಾರಣ ಕೊಟ್ಟು 1978ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಡುಗಡೆ ಮಾಡಿತು. ಮುಂದಿನ ವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಪ್ರಾಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು, ಚಳವಳಿ ಆಯಿತು, 1983ರಲ್ಲಿ ಕಾನೂನು ಬದಲಾಯಿತು. ಕೂಗದೇ ಇರೋದಕ್ಕೆ ಕಾರಣವನ್ನು ವಿಜ್ಞಾನ ಆಮೇಲೆ ಅಳೆದು ತೋರಿಸಿತು. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಜನರಿಗೆ ಆ ಹೊತ್ತಿನಲ್ಲಿ ಕೈಕಾಲು ಆಡದ ಹಾಗೆ ದೇಹ ಮರಗಟ್ಟಿತ್ತು. ಹಾಗೆ ಮರಗಟ್ಟಿದವರಿಗೆ ಮುಂದೆ ಪಿಟಿಎಸ್‌ಡಿ ಬರುವ ಸಾಧ್ಯತೆಯೂ ಹೆಚ್ಚು. ರಾತ್ರಿ ರಸ್ತೆಯಲ್ಲಿ ಹೆಡ್‌ಲೈಟ್ ಬೆಳಕಿಗೆ ಸಿಕ್ಕ ಕಾಡುಪ್ರಾಣಿ ಓಡದೇ ನಿಂತುಬಿಡೋದನ್ನ ಚಾರ್ಮಾಡಿ ಘಾಟಿಯಲ್ಲಿ ಓಡಾಡಿದವರು ನೋಡಿರ್ತಾರೆ. ಅದಕ್ಕೆ ಒಪ್ಪಿಗೆ ಇತ್ತು ಅಂತ ಯಾರೂ ಅನ್ನಲ್ಲ.

ಈಗ ಕರ್ನಾಟಕಕ್ಕೆ ಬರೋಣ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ 'ಸಂವಾದ' ಸಂಸ್ಥೆ ರಾಜ್ಯದ ಶಾಲೆ-ಕಾಲೇಜುಗಳ 348 ಹುಡುಗಿಯರನ್ನು ಕೇಳಿತು. ಹತ್ತಿರ ಹತ್ತಿರ ಅರ್ಧದಷ್ಟು ಹುಡುಗಿಯರು ಲೈಂಗಿಕ ಕಿರುಕುಳ ಅನುಭವಿಸಿದ್ದರು, ಗಂಭೀರ ದೌರ್ಜನ್ಯ ಆಗಿದ್ದವರೂ ಇದ್ದರು. 2001ರಲ್ಲಿ ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಹೋದ್ಯೋಗಿ 811 ವಿದ್ಯಾರ್ಥಿಗಳನ್ನು ಕೇಳಿದಾಗ, ಹಿಂದಿನ ಒಂದೇ ವರ್ಷದಲ್ಲಿ ಮೂವರಲ್ಲಿ ಒಬ್ಬರಿಗೆ ಯಾವುದೋ ಒಂದು ರೂಪದ ದೌರ್ಜನ್ಯ ಆಗಿತ್ತು. ಅಂಥವರ ಮಾನಸಿಕ ಆರೋಗ್ಯವೂ ಉಳಿದವರಿಗಿಂತ ಕೆಟ್ಟದಾಗಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನಿಮ್ಹಾನ್ಸಿನ ಅಧ್ಯಯನ. ಪ್ರಭಾ ಚಂದ್ರ ಮತ್ತು ಸಂಗಡಿಗರು ಅಲ್ಲಿ ತೀವ್ರ ಮಾನಸಿಕ ಕಾಯಿಲೆಗೆ ದಾಖಲಾಗಿದ್ದ 146 ಮಹಿಳೆಯರನ್ನು ನೇರವಾಗಿ ಕೇಳಿ, 2003ರಲ್ಲಿ ಪ್ರಕಟಿಸಿದರು. 50 ಮಹಿಳೆಯರು ಲೈಂಗಿಕ ಬಲವಂತ ಆಗಿದೆ ಅಂದರು. ಬಲವಂತ ಮಾಡಿದವರಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದದ್ದು ಗಂಡಂದಿರೇ. ಆ 50ರಲ್ಲಿ 30 ಜನ ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆಸ್ಪತ್ರೆಯ ಫೈಲುಗಳಲ್ಲಿ ಇದರ ದಾಖಲೆ ಇದ್ದದ್ದು ಬೆರಳೆಣಿಕೆಯಷ್ಟು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಲಾಗ್ ಫೈಲ್ ಅಂತ ಇರುತ್ತೆ. ಸಿಸ್ಟಂನಲ್ಲಿ ಏನಾದರೂ ಕೆಟ್ಟರೆ ಅದರಲ್ಲಿ ಒಂದು ಸಾಲು ಬೀಳುತ್ತೆ. ಲಾಗ್ ಖಾಲಿ ಇದ್ದರೆ ಹೊಸಬರು ಖುಷಿಪಡ್ತಾರೆ. ಸ್ವಲ್ಪ ವರ್ಷ ಕೆಲಸ ಮಾಡಿದವರು ಮೊದಲು ನೋಡೋದು ಲಾಗ್ ಆನ್ ಇತ್ತಾ ಅಂತ. ನಿಮ್ಹಾನ್ಸಿನ ಆ ಫೈಲುಗಳಲ್ಲಿ ಏನೂ ಇಲ್ಲದಿದ್ದಕ್ಕೆ ಕಾರಣ ಏನೂ ನಡೆದಿರಲಿಲ್ಲ ಅಂತಲ್ಲ, ಯಾರೂ ಕೇಳಿರಲಿಲ್ಲ.

2007ರಲ್ಲಿ ಕೇಂದ್ರ ಸರ್ಕಾರವೇ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿಸಿತು. ಆ 13ರಲ್ಲಿ ಕರ್ನಾಟಕ ಇರಲಿಲ್ಲ. ಶೇ. 53.22 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದರು. ಹಾಗಂದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಂಡುಮಕ್ಕಳು. ಗಂಡು ಹುಡುಗನಿಗೆ ಏನಾಗುತ್ತೆ ಬಿಡು ಅನ್ನೋರು ಈ ಸಂಖ್ಯೆ ಎರಡು ಸಲ ಓದಬೇಕು. ಇಂಥ ಕೆಲಸಗಳ ಬೆನ್ನಲ್ಲೇ 2012ರಲ್ಲಿ ಪೋಕ್ಸೋ ಕಾಯ್ದೆ ಬಂತು. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಇಷ್ಟಪಡುವ ಜಾಗದಲ್ಲೋ, ಪೊಲೀಸರು ಯೂನಿಫಾರಂ ಇಲ್ಲದೆ ತಗೋಬೇಕು ಅಂತ ಅದರಲ್ಲಿದೆ. ಚಿಕ್ಕಂದಿನಲ್ಲಿ ನಡೆದದ್ದಕ್ಕೆ ದೊಡ್ಡವರಾದ ಮೇಲೂ ದೂರು ಕೊಡಬಹುದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಅಂದರೆ "ಆಗಲೇ ಯಾಕೆ ಹೇಳಲಿಲ್ಲ" ಅನ್ನೋ ಪ್ರಶ್ನೆಯನ್ನು ಕಾನೂನು ಕೈಬಿಟ್ಟಿದೆ, ಬಿಡದೇ ಇರೋದು ನಾವು.

ನಾವು ಅಂದರೆ ಹಳ್ಳಿಯವರು ಮಾತ್ರ ಅಲ್ಲ. 2020ರ ಜೂನಿನಲ್ಲಿ ನಮ್ಮ ಹೈಕೋರ್ಟು ಒಂದು ಜಾಮೀನು ಆದೇಶದಲ್ಲಿ, ಘಟನೆಯ ನಂತರ ಸುಸ್ತಾಗಿ ನಿದ್ದೆ ಹೋದೆ ಎಂದ ದೂರುದಾರಳ ಮಾತನ್ನು ಹಿಡಿದು, ನಮ್ಮ ಹೆಣ್ಣುಮಕ್ಕಳು ಹೀಗೆ ನಡೆದುಕೊಳ್ಳೋದಿಲ್ಲ ಅನ್ನೋ ಅರ್ಥದಲ್ಲಿ ಬರೆಯಿತು. ಆ ಪ್ರಕರಣದ ಸತ್ಯಾಸತ್ಯ ನನ್ನ ವಿಷಯವಲ್ಲ. ಆದರೆ ಬೋಸ್ಟನ್ನಿನ ಲೇಖನ ಬಂದು ಆಗಲೇ 46 ವರ್ಷ ಆಗಿತ್ತು. ಟೀಕೆ ಬಂದ ಮೇಲೆ ಆ ಸಾಲುಗಳನ್ನು ಆದೇಶದಿಂದ ತೆಗೆಯಲಾಯಿತು. ಇಂಥ ಪೂರ್ವಗ್ರಹದ ಮಾತು ಬರೆಯಬಾರದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಎಲ್ಲ ಕೋರ್ಟುಗಳಿಗೂ ಹೇಳಿತು.

ಇಷ್ಟೆಲ್ಲ ಓದಿ ಮನಸ್ಸು ಭಾರ ಆಗೋದು ಸಹಜ. ಆದರೆ ಇದೇ ಸಂಶೋಧನೆಯಲ್ಲಿ ಧೈರ್ಯ ಕೊಡೋ ಭಾಗವೂ ಇದೆ, ಅದನ್ನು ಯಾರೂ ಹೇಳಲ್ಲ. ಒಮ್ಮೆ ಹೀಗಾದರೆ ಜೀವನವೇ ಮುಗೀತು ಅಂತ ನಮ್ಮ ಸಿನಿಮಾಗಳು ಕಲಿಸಿವೆ. 1993ರಲ್ಲಿ 45 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೆಂಡಾಲ್-ಟ್ಯಾಕೆಟ್ ಮತ್ತು ಸಂಗಡಿಗರಿಗೆ ಕಂಡದ್ದು ಬೇರೆ. ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಹೊರಗೆ ಕಾಣುವ ಲಕ್ಷಣಗಳೇ ಇರಲಿಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಒಂದು, ಒಂದೂವರೆ ವರ್ಷದಲ್ಲಿ ಚೇತರಿಸಿಕೊಂಡಿದ್ದರು. ಚೇತರಿಕೆಗೆ ನೆರವಾದ ದೊಡ್ಡ ಸಂಗತಿ ತಾಯಿಯ ಬೆಂಬಲ. ಮಗು ಹೇಳಿದಾಗ ಅಮ್ಮ ನಂಬಿದಳಾ ಇಲ್ಲವಾ ಅನ್ನೋದು. ನಂಬೋದಕ್ಕೆ ಡಿಗ್ರಿ ಬೇಡ, ಬೆಂಗಳೂರಿಗೆ ಹೋಗೋದೂ ಬೇಡ.

ನಮ್ಮ ಕಡೆ ನೋವು ಬೇರೆ ಹೆಸರಲ್ಲಿ ಹೊರಬರುತ್ತೆ. ತಲೆನೋವು, ಸುಸ್ತು, ಹೊಟ್ಟೆನೋವು, ಶಾಲೆಗೆ ಹೋಗಲ್ಲ ಅಂತ ಹಟ, ಗಾಳಿ ಸೋಕಿದೆ ಅನ್ನೋ ಮಾತು. ತಾಯತ ಕಟ್ಟಿಸೋದು, ಶಕ್ತಿ ಗುಳಿಗೆ ಕೊಡಿಸೋದು ಆಗುತ್ತೆ. ಇದೆಲ್ಲದರ ಹಿಂದೆ ದೌರ್ಜನ್ಯವೇ ಇರುತ್ತೆ ಅಂತಲ್ಲ. ಆದರೆ ಮಗು ಇದ್ದಕ್ಕಿದ್ದಂತೆ ಒಬ್ಬರ ಮನೆಗೆ ಹೋಗಲ್ಲ ಅಂದರೆ ಬೈಯೋ ಮುಂಚೆ ಒಬ್ಬಳನ್ನೇ ಕೂರಿಸಿಕೊಂಡು ಏನಾಯ್ತು ಮಗಾ ಅಂತ ಮೆತ್ತಗೆ ಕೇಳಬಹುದು. ಶಾಲೆ ಮೇಷ್ಟ್ರು, ಅಂಗನವಾಡಿ ಟೀಚರ್, ಆಶಾ ಅಕ್ಕ ಇವರೆಲ್ಲ ಆ ಪ್ರಶ್ನೆ ಕೇಳಬಲ್ಲವರು.

ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಸುಮಾರು 90 ಕಿಲೋಮೀಟರ್, ಮಳೆಗಾಲದಲ್ಲಿ ಅದು ಇನ್ನೂ ದೂರ. ಅದಕ್ಕೇ ಫೋನ್ ನಂಬರುಗಳನ್ನು ಇಲ್ಲೇ ಬರೆದುಬಿಡ್ತೀನಿ. ಮಕ್ಕಳ ಸಹಾಯವಾಣಿ 1098. ಮಹಿಳೆಯರಿಗೆ 181, ಪ್ರತಿ ಜಿಲ್ಲೆಯಲ್ಲಿರೋ ಸಖಿ ಕೇಂದ್ರದ ವಿವರವೂ ಅಲ್ಲಿ ಸಿಗುತ್ತೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳು ಇವತ್ತು ಇವೆ, ಅವು ಕೆಲಸ ಮಾಡುತ್ತವೆ ಅಂತ ಪರೀಕ್ಷೆ ಮಾಡಿ ನೋಡಿದ್ದೂ ಆಗಿದೆ. ಹತ್ತು ಇಪ್ಪತ್ತು ವರ್ಷ ಕಳೆದ ಮೇಲೆ ಹೋದರೂ ತಡ ಆಗಲ್ಲ.

ನಲವತ್ತು ದಾಟಿದ ಒಬ್ಬಾಕೆ ಇವತ್ತು ಮೊದಲ ಸಲ ಬಾಯಿ ಬಿಟ್ಟರೆ, ಅದು ನೆನಪು ಸುಳ್ಳಾಗಿರೋದಕ್ಕಲ್ಲ, ಇವತ್ತು ಎದುರಿಗೆ ಕೂತವರನ್ನು ನಂಬಬಹುದು ಅಂತ ಅವಳಿಗೆ ಅನ್ನಿಸಿರೋದಕ್ಕೆ ಇರಬಹುದು. ಆ ಎದುರಿಗೆ ಕೂತವರು ನೀವಾಗಿದ್ದರೆ, ಆಗಲೇ ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ. ಹೇಳಿದ್ದು ಒಳ್ಳೇದಾಯ್ತು ಅನ್ನಿ, ಪೂರ್ತಿ ಕೇಳಿಸಿಕೊಳ್ಳಿ. ಮಧ್ಯದಲ್ಲಿ ಎದ್ದು ಹೋಗಬೇಡಿ.